ಸುಸ್ತಿನ ಕಾಯಿಲೆ ಇರುವವರಿಗೆ ಪೂಜೆ ಬೆಳಗ್ಗೆ, ಸ್ನಾನ ಸಂಜೆ

ಮನೆಯಲ್ಲಿ ಕ್ರಾನಿಕ್ ಫಟೀಗ್ ಸಿಂಡ್ರೋಮ್ (ಎಷ್ಟು ಮಲಗಿದರೂ ಹೋಗದ ವಿಪರೀತ ಸುಸ್ತಿನ, ದೀರ್ಘಕಾಲದ ಕಾಯಿಲೆ) ಇರುವವರು ಯಾರಾದರೂ ಇದ್ದರೆ, ಬೆಳಗ್ಗೆ ಸ್ನಾನ ಮುಗಿಸಿ ಹಾಗೇ ದೇವರ ಮುಂದೆ ನಿಲ್ಲುವುದನ್ನು ಬಿಡಿಸಿ. ಕೈಕಾಲು ಮುಖ ತೊಳೆದು ಪೂಜೆ ಕೂತಲ್ಲೇ ಆಗಲಿ, ಸ್ನಾನ ಸಂಜೆಗಿರಲಿ, ಅದೂ ಬಚ್ಚಲಲ್ಲಿ ಸ್ಟೂಲ್ ಹಾಕಿಕೊಂಡು, ಉಗುರು ಬೆಚ್ಚಗಿನ ನೀರಲ್ಲಿ. ಬಿಸಿ ನೀರಿಗೆ ರಕ್ತನಾಳ ಹಿಗ್ಗುತ್ತದೆ, ಆಮೇಲೆ ನಿಂತರೆ ರಕ್ತ ಕಾಲಿಗಿಳಿದು ತಲೆ ಸುತ್ತುತ್ತದೆ, ಈ ಕಾಯಿಲೆಯಲ್ಲಿ ಇದು ಜಾಸ್ತಿ. ದಣಿದ ದಿನ ಚೆನ್ನಾಗೇ ಇದ್ದರಲ್ಲ ಅಂತ ನಂಬಬೇಡಿ, ಆ ದಣಿವಿನ ಹೊಡೆತ ಬರುವುದು ಸಾಮಾನ್ಯವಾಗಿ 12ರಿಂದ 48 ಗಂಟೆ ಬಿಟ್ಟು. ನಮ್ಮಮ್ಮನಿಗೆ ದೀಪ ನಾನು ಹಚ್ಚುತ್ತೇನೆ, ಅವರು ಮಂಚದ ಮೇಲೇ ದಿಂಬಿಗೊರಗಿ ಒಂದೊಂದೇ ಹೂವು ಬಿಡಿಸಿ ತಟ್ಟೆಗೆ ಹಾಕುತ್ತಾರೆ, ಆ ಹೊತ್ತೇ ಅವರಿಗೆ ದೊಡ್ಡ ಧೈರ್ಯ. ಮಡಿ ತಪ್ಪಿತು ಅಂತ ನೊಂದುಕೊಂಡರೆ, ಮಾನಸ ಪೂಜೆ ನಮ್ಮಲ್ಲಿ ಮೊದಲಿಂದಲೂ ಇದೆ ಅಲ್ವಾ ಅಂತ ಹೇಳಿ. ತೀರಾ ಕುಸಿದ ದಿನ ಮಾತ್ರ ಇದೂ ನಡೆಯುವುದಿಲ್ಲ. ಗಂಟೆ ಸದ್ದು, ಊದುಬತ್ತಿ ವಾಸನೆ, ಬೆಳಕು ಎಲ್ಲವೂ ಹಿಂಸೆಯಾಗುತ್ತದೆ. ಆಗ ಆರತಿಯನ್ನೂ ಕೋಣೆಗೆ ತರಬೇಡಿ, ಪರದೆ ಎಳೆದು ಸುಮ್ನೆ ಮಲಗಲು ಬಿಡಿ. ಕೂತು ಸ್ನಾನ ಮಾಡಿದರೂ ಕಣ್ಣು ಕತ್ತಲೆ ಬಂದರೆ ಡಾಕ್ಟರಿಗೆ ತೋರಿಸಿ.