ಬೀಥೋವನ್‌ನ ಪಿಟೀಲು ಕನ್ಚರ್ಟೊ ಮೊದಲ ಸಲ ಕೇಳುವವರಿಗೆ

ತುಮಕೂರಿನ ಶಿರಾ ಗೇಟ್ ಹತ್ತಿರ ಮಕ್ಕಳಿಗೆ ಕರ್ನಾಟಕ ಸಂಗೀತದ ಪಿಟೀಲು ಹೇಳಿಕೊಡುತ್ತೇನೆ. "ಪಾಶ್ಚಾತ್ಯ ಸಂಗೀತ ಎಲ್ಲಿಂದ ಶುರು ಮಾಡ್ಲಿ ಮೇಷ್ಟ್ರೇ?" ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ. ಜರ್ಮನ್ ಸಂಗೀತಕಾರ ಬೀಥೋವನ್ 1806ರಲ್ಲಿ ಬರೆದ ಪಿಟೀಲು ಕನ್ಚರ್ಟೊ ಕೇಳಿ. ಕನ್ಚರ್ಟೊ ಎಂದರೆ ಒಂದು ವಾದ್ಯವನ್ನು ಮುಂದಿಟ್ಟುಕೊಂಡು ದೊಡ್ಡ ವಾದ್ಯವೃಂದ ಜೊತೆಗೆ ನುಡಿಸುವ ಕೃತಿ. ಪಿಟೀಲುವಾದಕ ಯೆಹೂದಿ ಮೆನುಹಿನ್ 1953ರಲ್ಲಿ ವಾದ್ಯವೃಂದ ನಡೆಸುವ ಫುರ್ಟ್‌ವೆಂಗ್ಲರ್ ಜೊತೆ ನುಡಿಸಿದ ರೆಕಾರ್ಡಿಂಗ್ ಇದೆ, ಅದನ್ನೇ ಹಾಕಿ. ಮುಕ್ಕಾಲು ಗಂಟೆ ಬಿಡುವು ಇಟ್ಟುಕೊಳ್ಳಿ.

ಮೊಬೈಲ್ ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಯಾಕೆಂದರೆ ಶುರುವಾಗುವುದೇ ಟಿಂಪನಿ ಎಂಬ ನಗಾರಿಯ ಮೆಲು ಪೆಟ್ಟುಗಳಿಂದ. ಟಂ, ಟಂ, ಟಂ, ಟಂ. ಐದನೆಯ ಪೆಟ್ಟಿಗೆ ಊದುವ ವಾದ್ಯಗಳು ಸೇರುತ್ತವೆ. ತಾಳ ಹಾಕಿದ ಹಾಗೆ ಈ ಪೆಟ್ಟನ್ನು ತೊಡೆ ಮೇಲೆ ತಟ್ಟಿ ನೋಡಿ. ಸ್ವಲ್ಪ ಹೊತ್ತಿಗೆ ವಾದ್ಯವೃಂದದ ಪಿಟೀಲುಗಳೂ ಅದನ್ನೇ ಹಿಡಿಯುತ್ತವೆ. ಸುಮಾರು ಮೂರು ನಿಮಿಷ ಮೆನುಹಿನ್ ಸುಮ್ನೆ ಕಾಯುತ್ತಾರೆ. ಅಲ್ಲಿ ಮುಂದಕ್ಕೆ ಓಡಿಸಬೇಡಿ. ಆಮೇಲೆ ಅವರ ಪಿಟೀಲು ಮೆಟ್ಟಿಲು ಹತ್ತಿದಂತೆ ಮೇಲೇರುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಮ್ಮಲ್ಲಿ ಸ್ವರವನ್ನು ಜಾರಿಸಿ ತೂಗಿಸುವ ಗಮಕವನ್ನು ಇಲ್ಲಿ ಹುಡುಕಬೇಡಿ. ಹಿಡಿದ ಸ್ವರದ ಮೇಲೆ ಬೆರಳು ಸಣ್ಣಗೆ ನಡುಗುತ್ತದೆ, ಅಷ್ಟೇ. ಅದಕ್ಕೂ ಒಂದು ಚೆಂದ ಇದೆ ಅಲ್ವಾ?

ಮೊದಲ ಭಾಗದ ಕೊನೆ ಹತ್ತಿರ ಉಳಿದವರೆಲ್ಲ ನಿಲ್ಲಿಸುತ್ತಾರೆ, ಪಿಟೀಲು ಒಂದೇ ನುಡಿಯುತ್ತದೆ. ನಮ್ಮಲ್ಲಿ ಮೃದಂಗಕ್ಕೆ ತನಿ ಬಿಟ್ಟ ಹಾಗೆ. ಇದನ್ನು ಕಡೆನ್ಜಾ ಅನ್ನುತ್ತಾರೆ. ಮೆನುಹಿನ್ ಇಲ್ಲಿ ನುಡಿಸುವುದು ಇನ್ನೊಬ್ಬ ಪಿಟೀಲುವಾದಕ ಕ್ರೈಸ್ಲರ್ ಬರೆದದ್ದು.

ಎರಡನೇ ಭಾಗ ನಿಧಾನ. ಅದು ಮುಗಿಯಿತು ಎಂದು ಎದ್ದು ಹೋಗಬೇಡಿ, ನಿಲ್ಲದೆ ಮೂರನೆಯದಕ್ಕೆ ಜಾರುತ್ತದೆ. ಅಲ್ಲಿ ಒಂದೇ ಕುಣಿಯುವ ಧಾಟಿ ನಮ್ಮ ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬಂತು, ಬೆರಳು ಮಡಚಿ ಎಣಿಸಿ.