ಇನ್ನೂರು ಮೀಟರ್ ಟ್ರ್ಯಾಕಿನ ಲೆಕ್ಕ: ನನ್ನ ಅನುಭವ

ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವವನು. ಹೋಬಳಿ ಮಟ್ಟದ ಕ್ರೀಡಾಕೂಟ ನಮ್ಮಲ್ಲೇ ನಡೆಯಬೇಕೆಂದಾದಾಗ ದೈಹಿಕ ಶಿಕ್ಷಕರು ಟ್ರ್ಯಾಕಿನ ಲೆಕ್ಕವನ್ನು ನನಗೆ ವಹಿಸಿದರು. ಹತ್ತನೇ ತರಗತಿಯವರಿಗೆ ಕಂಸದ, ಅಂದರೆ ವೃತ್ತದ ಬಾಗಿದ ತುಂಡಿನ, ಉದ್ದದ ಪಾಠ ಆಗಷ್ಟೇ ಮುಗಿದಿತ್ತು. ಅವರನ್ನೂ ಕರೆದುಕೊಂಡೇ ಮೈದಾನಕ್ಕಿಳಿದೆ.

ಮೈದಾನ ಸುಮಾರು 90 ಮೀಟರ್ ಉದ್ದ, 50 ಮೀಟರ್ ಅಗಲ. ಅಲ್ಲಿ 400 ಮೀಟರ್ ಟ್ರ್ಯಾಕ್ ಹಿಡಿಸುವ ಮಾತೇ ಇಲ್ಲ, 200 ಮೀಟರಿನದೇ ಆಗಬೇಕು. ಟ್ರ್ಯಾಕ್ ಅಂದರೆ ಎರಡು ನೇರ ದಾರಿ, ಎರಡು ಅರ್ಧವೃತ್ತ. ಅರ್ಧವೃತ್ತ ಎರಡೂ ಸೇರಿದರೆ ಒಂದು ಪೂರ್ತಿ ವೃತ್ತ. ಇಷ್ಟು ಹೊಳೆದರೆ ಮುಕ್ಕಾಲು ಲೆಕ್ಕ ಮುಗಿಯಿತು. ನೇರ ದಾರಿಗೆ 40 ಮೀಟರಿನಂತೆ 80 ತೆಗೆದಿಟ್ಟೆವು. ಉಳಿದ 120 ಮೀಟರ್ ವೃತ್ತದ ಪರಿಧಿ. ತ್ರಿಜ್ಯ ಬೇಕೆಂದರೆ 120ನ್ನು 2π ಇಂದ ಭಾಗಿಸಬೇಕು.

ಪೈಗೆ ಯಾವ ಬೆಲೆ ಹಾಕುವುದು? ತರಗತಿಯಲ್ಲಿ ತ್ರಿಜ್ಯ 7ರ ಅಪವರ್ತ್ಯವಾದರೆ 22/7, 10 ಅಥವಾ 20 ಆದರೆ 3.14 ಎಂದು ಹೇಳಿಕೊಡುತ್ತೇವೆ. ಅದು ಕೈಲೆಕ್ಕ ಸುಲಭವಾಗಲೆಂದು ಮಾಡಿಕೊಂಡ ಏರ್ಪಾಡು, ಅಷ್ಟೇ. ಮೈದಾನದಲ್ಲಿ ಮಕ್ಕಳು ಎರಡನ್ನೂ ಹಾಕಿ ನೋಡಿದರು. 22/7 ಹಾಕಿದರೆ ಒಂದು ಸುತ್ತಿಗೆ ಸುಮಾರು 5 ಸೆಂ.ಮೀ. ಕಡಿಮೆ ಬೀಳುತ್ತದೆ, 3.14 ಹಾಕಿದರೆ 6 ಸೆಂ.ಮೀ. ಹೆಚ್ಚು. ಆರ್ಯಭಟ ಕ್ರಿ.ಶ. 499ರಲ್ಲೇ 20,000 ವ್ಯಾಸದ ವೃತ್ತಕ್ಕೆ 62,832 ಪರಿಧಿ ಎಂದು ಕೊಟ್ಟಿದ್ದಾನೆ, ಅಂದರೆ 3.1416. ನಾವು ಅದನ್ನೇ ಹಿಡಿದೆವು. ತ್ರಿಜ್ಯ 19.10 ಮೀಟರ್ ಬಂತು.

ಆದರೆ ಸುಣ್ಣದ ಗೆರೆ ಎಳೆಯುವುದು 19.10ರಲ್ಲಿ ಅಲ್ಲ. ಓಡುವವರು ಗೆರೆಯ ಮೇಲೆ ಓಡುವುದಿಲ್ಲ, ಸ್ವಲ್ಪ ಆಚೆ ಓಡುತ್ತಾರೆ. ಒಳಅಂಚಿನಲ್ಲಿ ಎತ್ತರಿಸಿದ ಕಟ್ಟೆ ಇದ್ದರೆ 30 ಸೆಂ.ಮೀ., ಬರಿಯ ಗೆರೆ ಇದ್ದರೆ 20 ಸೆಂ.ಮೀ. ಆಚೆಯಿಂದ ದೂರ ಅಳೆಯಬೇಕೆಂಬುದು ನಿಯಮ. ಹಾಗಾಗಿ ಗೆರೆಯ ತ್ರಿಜ್ಯ 18.90. ಎರಡು ಕೇಂದ್ರಗಳಲ್ಲಿ ಅಲುಗಾಡದಂತೆ ಗೂಟ ಹೊಡೆದು, 6-8-10ರ ತ್ರಿಕೋನದಿಂದ ಲಂಬ ಹಿಡಿದು ಎಳೆದೆವು. ನೈಲಾನ್ ಹಗ್ಗ ಬೇಡ, ಜಗ್ಗಿದರೆ ಉದ್ದವಾಗುತ್ತದೆ. ಉಕ್ಕಿನ ಟೇಪ್ ಇಲ್ಲವೇ ಕಟ್ಟುವ ತಂತಿಯೇ ಸರಿ.

ನನಗೆ ತುಂಬಾ ಇಷ್ಟವಾದ ಭಾಗ ಇದರ ಮುಂದಿನದು. ಹೊರಗಿನ ಲೇನಿನವರು ಹೆಚ್ಚು ದೂರ ಓಡುತ್ತಾರಾದ್ದರಿಂದ ಅವರನ್ನು ಮುಂದೆ ನಿಲ್ಲಿಸಬೇಕು. ಎಷ್ಟು ಮುಂದೆ? ಲೇನಿನ ಅಗಲ 1.22 ಮೀಟರ್. ಮೊದಲನೇ ಲೇನಿನ ತ್ರಿಜ್ಯ r ಎಂದುಕೊಂಡರೆ ಎರಡನೇ ಲೇನಿನ ವೃತ್ತ 2π(r + 1.22), ಮೊದಲನೆಯದು 2πr. ಕಳೆದರೆ r ಹೊರಟೇ ಹೋಗುತ್ತದೆ! ಉಳಿಯುವುದು 2π × 1.22, ಅಂದರೆ 7.67 ಮೀಟರ್. ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ಒಂದು ಸುತ್ತಿಗೆ ಲೇನಿನಿಂದ ಲೇನಿಗೆ ಅಂತರ ಅಷ್ಟೇ. 36.50 ಮೀಟರ್ ತ್ರಿಜ್ಯದ ದೊಡ್ಡ ಕ್ರೀಡಾಂಗಣದಲ್ಲೂ ಎರಡನೇ ಲೇನಿನಿಂದಾಚೆ ಇದೇ 7.67. "ಸರ್, ಅಷ್ಟು ದೊಡ್ಡ ಗ್ರೌಂಡಿಗೂ ಇದೇನಾ?" ಎಂದು ಒಬ್ಬಳು ನಂಬದೆ ಇನ್ನೊಮ್ಮೆ ಲೆಕ್ಕ ಮಾಡಿ ನೋಡಿದಳು. ಬೀಜಗಣಿತ ಯಾಕೆ ಬೇಕು ಎಂದು ಕೇಳುವ ಮಕ್ಕಳಿಗೆ ನಾನು ಈಗ ತೋರಿಸುವುದು ಇದನ್ನೇ.

ನಾಲ್ಕನೇ ಲೇನಿಗೆ ಮೂರು ಪಟ್ಟು, 23 ಮೀಟರ್. ಇಲ್ಲಿ ಬಹಳ ಎಚ್ಚರ ಬೇಕು. ತಿರುವಿನಲ್ಲಿ ಟೇಪನ್ನು ಬಿಗಿಯಾಗಿ ಹಿಡಿದರೆ ಅಳತೆಯಾಗುವುದು ಜ್ಯಾ (ಕಂಸದ ಎರಡು ತುದಿಗಳನ್ನು ಸೇರಿಸುವ ನೇರ ಗೆರೆ), ಕಂಸವಲ್ಲ. ಹಾಗೇ 23 ಮೀಟರ್ ಇಟ್ಟರೆ ಆ ಲೇನಿನ ಹುಡುಗನಿಗೆ ಒಂದು ಮೀಟರಿಗೂ ಹೆಚ್ಚು ದೂರ ಪುಕ್ಕಟೆ ಸಿಗುತ್ತದೆ. ಓಟದಲ್ಲಿ ಅದು ಬಹುಮಾನವನ್ನೇ ಬದಲಿಸಬಹುದು. ಆದ್ದರಿಂದ ಮೊದಲು ಕೋನ ಕಂಡುಹಿಡಿದೆವು. ಆ ಲೇನಿನಲ್ಲಿ ಓಡುವ ದಾರಿಯ ತ್ರಿಜ್ಯ 22.76, ಪೂರ್ತಿ ಪರಿಧಿ 143 ಮೀಟರ್. 23 ಮೀಟರ್ ಕಂಸ ಅದರ ಎಷ್ಟನೇ ಪಾಲೋ, ಕೇಂದ್ರದ ಕೋನವೂ 360ರ ಅಷ್ಟನೇ ಪಾಲು: ಸುಮಾರು 57.9 ಡಿಗ್ರಿ. ಲೇನಿನ ಒಳಗೆರೆಯ ತ್ರಿಜ್ಯ 22.56. ಕೇಂದ್ರದಿಂದ ಜ್ಯಾಕ್ಕೆ ಲಂಬ ಎಳೆದರೆ ಕೋನ ಅರ್ಧವಾಗಿ ಲಂಬಕೋನ ತ್ರಿಭುಜ ಸಿಗುತ್ತದೆ. ಜ್ಯಾದ ಉದ್ದ 2 × 22.56 × sin 28.95°, ಅಂದರೆ 21.84 ಮೀಟರ್. ಗೆರೆಯ ಮೇಲೆ ಬಿಗಿ ಟೇಪಿನಲ್ಲಿ ಅಷ್ಟನ್ನೇ ಗುರುತಿಸಿದೆವು. ಎರಡನೇ ಲೇನಿಗೆ ಇದೇ ರೀತಿ 7.55 ಬರುತ್ತದೆ.

ನಾಲ್ಕು ಲೇನು ಹಾಕಿದ ಮೇಲೆ ಒಟ್ಟು ಅಗಲ 47.56, ಉದ್ದ 87.56 ಮೀಟರ್. ನಿಮ್ಮ ಮೈದಾನ ಇನ್ನೂ ಇಕ್ಕಟ್ಟಾಗಿದ್ದರೆ ತ್ರಿಜ್ಯವನ್ನು ಒಂದು ಮೀಟರ್ ಇಳಿಸಿ, ಎರಡೂ ನೇರ ದಾರಿಗಳನ್ನು 3.14 ಮೀಟರಿನಷ್ಟು ಉದ್ದ ಮಾಡಿ. ಅಗಲ 2 ಮೀಟರ್ ತಗ್ಗುತ್ತದೆ, ಒಟ್ಟು ಉದ್ದ ಬೆಳೆಯುವುದು 1.14 ಮೀಟರ್ ಮಾತ್ರ. ತೀರಾ ಇಳಿಸಬೇಡಿ, ತಿರುವು ಬಿಗಿಯಾದಷ್ಟೂ ಮಕ್ಕಳು ಜಾರುತ್ತಾರೆ. 7.67 ಹಾಗೆಯೇ ಇರುತ್ತದೆ, ಜ್ಯಾಗಳನ್ನು ಮಾತ್ರ ಹೊಸದಾಗಿ ಲೆಕ್ಕ ಹಾಕಿಕೊಳ್ಳಬೇಕು.