ರಾಯಲ್ ಡೀಸೈಡ್ ಒಂದು ದಿನದಲ್ಲಿ: ಅಬರ್ಡೀನ್‌ನಿಂದ ಬಾಲ್ಮೋರಲ್, ಬ್ರೇಮಾರ್

ಸ್ಕಾಟ್ಲೆಂಡಿನ ಡೀ ನದಿ ಕಣಿವೆಯಾದ ರಾಯಲ್ ಡೀಸೈಡ್‌ನಲ್ಲಿರುವ ಬಾಲ್ಮೋರಲ್ ಕೋಟೆ ವಸಂತದಲ್ಲಿ ತೆರೆದು ಆಗಸ್ಟ್ ಮೊದಲ ಭಾಗದಲ್ಲಿ ಮುಚ್ಚುತ್ತದೆ. ಆಮೇಲೆ ಬ್ರಿಟಿಷ್ ರಾಜಮನೆತನದವರು ಬಂದು ಉಳಿಯುತ್ತಾರೆ. ತೆರೆಯುವ, ಮುಚ್ಚುವ ದಿನಾಂಕ ವರ್ಷವರ್ಷಕ್ಕೂ ಬದಲಾಗುವುದರಿಂದ ಮೊದಲು ಅದನ್ನು ನೋಡಿಕೊಂಡೇ ನಾನು ಉಳಿದ ಲೆಕ್ಕ ಹಾಕುವುದು. ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ದಸರಾ ರಜೆಯಲ್ಲಿ ತೋರಿಸೋಣ ಎಂದುಕೊಂಡರೆ ಗೇಟು ನೋಡಿ ವಾಪಸ್ ಬರಬೇಕಾಗುತ್ತದೆ. ಇನ್ನೊಂದು ವಿಷಯವನ್ನು ಹೊರಡುವ ಮುಂಚೆಯೇ ಹೇಳಿಬಿಡುತ್ತೇನೆ: ಮಾಮೂಲು ಟಿಕೆಟ್‌ಗೆ ಒಳಗಡೆ ಕಾಣಸಿಗುವುದು ಬಾಲ್‌ರೂಮ್ ಒಂದೇ, ಮಿಕ್ಕಿದ್ದೆಲ್ಲ ತೋಟ ಮತ್ತು ಹೊರನೋಟ. ಬೇರೆ ಕೋಣೆಗಳಿಗೆ ಮಾರ್ಗದರ್ಶಿಯೊಂದಿಗೆ ಕರೆದೊಯ್ಯುವ ವ್ಯವಸ್ಥೆ 2024ರಲ್ಲಿ ಮೊದಲ ಸಲ ಬಂತು. ಆ ಟಿಕೆಟ್‌ಗಳು ಮಾರಾಟಕ್ಕಿಟ್ಟ ಬೆನ್ನಲ್ಲೇ ಖಾಲಿಯಾದವು. ಮೈಸೂರು ಅರಮನೆಯಂಥದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಇಲ್ಲಿ ಖಂಡಿತ ಪೆಚ್ಚಾಗುತ್ತಾರೆ.

ಅಬರ್ಡೀನ್‌ನಿಂದ ಬೆಳಿಗ್ಗೆ 8ಕ್ಕೆ ಹೊರಡಬೇಕು. ಎ93 ರಸ್ತೆಯಲ್ಲಿ ಬಾಲ್ಮೋರಲ್‌ಗೆ 50 ಮೈಲಿ, ಅಂದರೆ 80 ಕಿ.ಮೀ. ಒಂದೂವರೆ ಗಂಟೆ ಹಿಡಿಯುತ್ತದೆ. ಹೋಗುವಾಗ ದಾರಿಯಲ್ಲಿ ಎಲ್ಲೂ ಇಳಿಸುವುದಿಲ್ಲ. ಬ್ಯಾಂಕರಿ, ಅಬಾಯ್ನ್, ಬ್ಯಾಲೆಟರ್ ಎಂದು ಒಂದೊಂದು ಊರಲ್ಲಿ ಇಪ್ಪತ್ತು ನಿಮಿಷ ನಿಂತರೆ ಬಾಲ್ಮೋರಲ್ ಮುಟ್ಟುವಷ್ಟರಲ್ಲಿ ದೊಡ್ಡ ಕೋಚ್‌ಗಳು ಬಂದಿರುತ್ತವೆ. ಡೀ ನದಿ ಎಡಗಡೆ ಕಾಣುತ್ತದೆ, ಹಿರಿಯರನ್ನು ಆ ಬದಿಯ ಕಿಟಕಿಗೆ ಕೂರಿಸಿ.

ಜಿಪಿಎಸ್ ವಿಷಯದಲ್ಲಿ ಒಂದು ಎಚ್ಚರಿಕೆ. ಬಾಲ್ಮೋರಲ್ ಎದುರಿನ ಹಳ್ಳಿ ಕ್ರಾಥಿ. ಬ್ಯಾಂಕರಿ ಹತ್ತಿರದ ಇನ್ನೊಂದು ಕೋಟೆ ಕ್ರಾಥಿಸ್. ಎರಡೂ ಇದೇ ರಸ್ತೆಯಲ್ಲಿವೆ, ನಡುವೆ 30 ಮೈಲಿಗಿಂತ ಹೆಚ್ಚು ದೂರ. ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತುವವರು ಇದ್ದೇ ಇರುತ್ತಾರೆ. ಬ್ಯಾಲೆಟರ್ ದಾಟಿದ ಮೇಲೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ಟಿಕೆಟ್, ನಕ್ಷೆ ಎರಡನ್ನೂ ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು.

ಕ್ರಾಥಿ ಪಾರ್ಕಿಂಗ್‌ಗೆ 9.40ರ ಹೊತ್ತಿಗೆ ತಲುಪಿದರೆ ಶೌಚಾಲಯ ಮುಗಿಸಿ ನದಿಪಕ್ಕದ ಹಳೆಯ ಸ್ಮಶಾನ ನೋಡಲು ಸಮಯವಿರುತ್ತದೆ. ವಿಕ್ಟೋರಿಯಾ ರಾಣಿಯ ನೆಚ್ಚಿನ ಸೇವಕ ಜಾನ್ ಬ್ರೌನ್ ಸಮಾಧಿ ಇಲ್ಲಿದೆ (1883). ರಸ್ತೆಯ ಮೇಲ್ಬದಿಯ ಕ್ರಾಥಿ ಚರ್ಚಿಗೆ ರಾಣಿ 1893ರಲ್ಲಿ ಅಡಿಗಲ್ಲು ಹಾಕಿದ್ದು. ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಒಳಗೆ ಸುತ್ತಾಡಲು ಬಿಡುವುದಿಲ್ಲ. ಅಲ್ಲಿಂದ ಎಂಜಿನಿಯರ್ ಬ್ರೂನೆಲ್ ವಿನ್ಯಾಸದ ಕಬ್ಬಿಣದ ಸೇತುವೆ ದಾಟಿದರೆ ಕೋಟೆಯ ಗೇಟು.

ಚರಿತ್ರೆಯನ್ನು ಕೋಟೆಯ ಮುಂದೆ ನಿಂತು ಹೇಳಬೇಡಿ, ಗಾಳಿಗೆ ಯಾರಿಗೂ ಕೇಳಿಸುವುದಿಲ್ಲ. ಬಸ್ಸಿನಲ್ಲೇ ಮುಗಿಸಿ. 1848ರಲ್ಲಿ ವಿಕ್ಟೋರಿಯಾ ಮೊದಲು ಬಂದರು. 1852ರಲ್ಲಿ ಅವರ ಪತಿ ಆಲ್ಬರ್ಟ್ ಜಾಗ ಕೊಂಡರು. ಹಳೆಯ ಮನೆ ಸಾಲದಾಗಿ, ಅಬರ್ಡೀನ್‌ನ ವಾಸ್ತುಶಿಲ್ಪಿ ವಿಲಿಯಂ ಸ್ಮಿತ್ ವಿನ್ಯಾಸದಂತೆ ಅಲ್ಲಿನದೇ ಗ್ರಾನೈಟ್‌ನಲ್ಲಿ ಹೊಸದು ಎದ್ದಿತು, 1856ಕ್ಕೆ ಮುಗಿಯಿತು. ಇದು ಸರ್ಕಾರದ ಸ್ವತ್ತಲ್ಲ, ರಾಜರ ಖಾಸಗಿ ಆಸ್ತಿ. ಎರಡನೇ ಎಲಿಜಬೆತ್ 2022ರ ಸೆಪ್ಟೆಂಬರ್ 8ರಂದು ತೀರಿಕೊಂಡಿದ್ದೂ ಇಲ್ಲೇ. ನಮ್ಮವರು ಕಿವಿ ನೆಟ್ಟಗೆ ಮಾಡುವುದು ಮಾತ್ರ ಅಬ್ದುಲ್ ಕರೀಂ ಹೆಸರು ಬಂದಾಗ. ಆಗ್ರಾದಿಂದ 1887ರಲ್ಲಿ ಬಂದು ವಿಕ್ಟೋರಿಯಾ ರಾಣಿಗೆ ಹಿಂದೂಸ್ತಾನಿ ಕಲಿಸಿದ ಮುನ್ಷಿ ಇವರು. ಇವರಿಗಾಗಿ ಕಟ್ಟಿಸಿದ ಕರೀಂ ಕಾಟೇಜ್ ಎಸ್ಟೇಟಿನಲ್ಲಿ ಇವತ್ತಿಗೂ ಇದೆ. ವಿಕ್ಟೋರಿಯಾ ತೀರಿಕೊಂಡದ್ದೇ ತಡ, ಮಗ ಏಳನೇ ಎಡ್ವರ್ಡ್ ಕಾಗದಪತ್ರಗಳನ್ನೆಲ್ಲ ಸುಡಿಸಿ ಇವರನ್ನು ಭಾರತಕ್ಕೆ ಸಾಗಹಾಕಿದರು.

ಕೋಟೆಗೆ ಎರಡು ಗಂಟೆ ಸಾಕು. ಕಾಡೊಳಗೆ ಆಲ್ಬರ್ಟ್ ನೆನಪಿಗೆ ಕಟ್ಟಿದ ಕಲ್ಲಿನ ಪಿರಮಿಡ್ಡನ್ನೂ ನೋಡುವುದಾದರೆ ಇನ್ನೆರಡು ಗಂಟೆ ಬೇಕು, ಬ್ರೇಮಾರ್ ಕೈಬಿಡಬೇಕು. ದಾರಿ ಕಡಿದು, ಮಳೆ ಬಂದರೆ ಬೇರುಗಳ ಮೇಲೆ ಕಾಲು ಜಾರುತ್ತದೆ. ಮೊಣಕಾಲು ನೋವಿರುವವರನ್ನು ಹತ್ತಿಸಬಾರದು. ಹೆದರ್ ಪೊದೆಗಳಲ್ಲಿ ಉಣುಗು ಇರುತ್ತದೆ, ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿಕೊಳ್ಳಿ, ಸಂಜೆ ಮೈ ನೋಡಿಕೊಳ್ಳಿ.

ಬಾಲ್ಮೋರಲ್‌ನಿಂದ ಬ್ರೇಮಾರ್ ಹಳ್ಳಿಗೆ 9 ಮೈಲಿ. ನಡುವೆ ಇನ್ವರ್‌ಕಾಲ್ಡ್ ಸೇತುವೆ ಬರುತ್ತದೆ, ಅಲ್ಲಿಂದ ನದಿ ಬಲಕ್ಕೆ ಸರಿಯುತ್ತದೆ. ಪಕ್ಕದಲ್ಲೇ 1752ರ ಹಳೆಯ ಕಲ್ಲಿನ ಸೇತುವೆ ಕಾಣುತ್ತದೆ. ಕೋಟೆಯ ಬದಿಯಲ್ಲಿ ಜನ ಓಡಾಡುತ್ತಿದ್ದ ರಸ್ತೆಯನ್ನು ಮುಚ್ಚಿಸಲು ಆಲ್ಬರ್ಟ್ ಹೊಸ ಸೇತುವೆ ಕಟ್ಟಿಸಿಕೊಟ್ಟರು. ರಾಜಮನೆತನ ಈ ಕಣಿವೆಯನ್ನು ಹೇಗೆ ತನಗೆ ಬೇಕಾದಂತೆ ಮಾಡಿಕೊಂಡಿತು ಎನ್ನುವುದು ಬಾಲ್‌ರೂಮಿಗಿಂತ ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಹಾಗಾಗಿ ಇಲ್ಲಿ ಐದು ನಿಮಿಷ ನಿಲ್ಲಿಸುತ್ತೇನೆ.

ಊಟ ಬ್ರೇಮಾರ್‌ನಲ್ಲಿ. ಸಸ್ಯಾಹಾರಿಗಳು ಮೋಸಹೋಗುವುದು ಸೂಪಿನಲ್ಲಿ. ಲೆಂಟಿಲ್ ಸೂಪ್ ಎಂದರೆ ನಮ್ಮ ಬೇಳೆಕಟ್ಟು ಎಂದುಕೊಳ್ಳುತ್ತಾರೆ, ಇಲ್ಲಿ ಸಂಪ್ರದಾಯದಂತೆ ಅದನ್ನು ಹಂದಿಮಾಂಸದ ಮೂಳೆ ಕುದಿಸಿದ ನೀರಿನಲ್ಲಿ ಮಾಡುವುದುಂಟು. ಯಾವ ಸ್ಟಾಕ್ ಹಾಕಿದ್ದಾರೆ ಎಂದು ಕೇಳಿ. ಸ್ಕಾಟ್ಲೆಂಡಿನ ಮಾಂಸದ ಖಾದ್ಯ ಹ್ಯಾಗಿಸ್‌ನ ಸಸ್ಯಾಹಾರಿ ರೂಪ ಹಲವು ಕಡೆ ಸಿಗುತ್ತದೆ. ಪುಳಿಯೋಗರೆ ಕಟ್ಟಿಕೊಂಡು ಬಂದಿದ್ದರೆ ಇನ್ನೂ ಒಳ್ಳೆಯದು, ಲಿನ್ ಆಫ್ ಡೀ ಬಳಿ ಮರದಡಿ ಕೂರಬಹುದು. ಅಲ್ಲಿ ನದಿ ಕಿರಿದಾದ ಬಂಡೆಸಂದಿಯಲ್ಲಿ ನುಗ್ಗುತ್ತದೆ. ಒದ್ದೆ ಬಂಡೆಯ ಅಂಚಿಗೆ ಫೋಟೊಗೆಂದು ಯಾರನ್ನೂ ಬಿಡಬೇಡಿ, 1857ರ ಸೇತುವೆಯ ಮೇಲಿಂದಲೇ ಚೆನ್ನಾಗಿ ಕಾಣುತ್ತದೆ.

ಸೆಪ್ಟೆಂಬರ್ ಮೊದಲ ಶನಿವಾರ ಬ್ರೇಮಾರ್ ಗ್ಯಾದರಿಂಗ್ ಎಂಬ ಸಾಂಪ್ರದಾಯಿಕ ಕ್ರೀಡಾಕೂಟ. ಟಿಕೆಟ್ ಇಲ್ಲದಿದ್ದರೆ ಆ ದಿನ ಈ ಕಡೆ ಬರಲೇಬೇಡಿ. ಚಳಿಗಾಲದ ಮಾತು ಬೇರೆ: ಈ ಊರಲ್ಲಿ 1895 ಮತ್ತು 1982ರಲ್ಲಿ ಮೈನಸ್ 27.2 ಡಿಗ್ರಿ ದಾಖಲಾಗಿದೆ, ಹಿಮ ಬಿದ್ದರೆ ದಕ್ಷಿಣದ ಕಣಿವೆದಾರಿಗೆ ಗೇಟು ಹಾಕುತ್ತಾರೆ.

ವಾಪಸ್ಸು ಬರುವಾಗ ರಾಯಲ್ ಲಾಖ್‌ನಗರ್ ಡಿಸ್ಟಿಲರಿಗೆ ಹೋಗುವುದಾದರೆ ಕಾರು ಓಡಿಸುವವರು ಒಂದು ಗುಟುಕೂ ಕುಡಿಯಬಾರದು. ಸ್ಕಾಟ್ಲೆಂಡಿನ ಮಿತಿ 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ, ಇಂಗ್ಲೆಂಡಿನಲ್ಲಿ 80. ಮಿನಿಬಸ್ ಚಾಲಕರಿಗೆ ನಾಲ್ಕೂವರೆ ಗಂಟೆಯ ಚಾಲನೆಗೆ 45 ನಿಮಿಷದ ವಿರಾಮ ಕಡ್ಡಾಯ, ಅದನ್ನು ಊಟದ ಹೊತ್ತಿಗೇ ಹೊಂದಿಸಿಬಿಡಿ. ಕೊನೆಗೆ ಬ್ಯಾಲೆಟರ್‌ನಲ್ಲಿ ಅರ್ಧ ಗಂಟೆ: ರಾಣಿ ರೈಲಿನಿಂದ ಇಳಿಯುತ್ತಿದ್ದ ನಿಲ್ದಾಣ. ರೈಲು 1966ರಲ್ಲಿ ನಿಂತಿತು, ಕಟ್ಟಡ 2015ರಲ್ಲಿ ಸುಟ್ಟಿತು, ಈಗಿನದು ಮತ್ತೆ ಕಟ್ಟಿದ್ದು. ಇಲ್ಲಿಂದ 4.45ಕ್ಕೆ ಹೊರಟರೆ ಆರೂಕಾಲರ ಹೊತ್ತಿಗೆ ಅಬರ್ಡೀನ್.